ಇಬ್ಬರ ಬಾಯಿಗೆ ಒಂದೇ ಮಾತು

ಅತ್ತೆಯ ಬೆನ್ನಿನ ಹುಣ್ಣು ತೊಳೆದು, ಒದ್ದೆ ಬಟ್ಟೆ ಬದಲಿಸಿ, ಮಗ್ಗುಲು ತಿರುಗಿಸಿ ಮಲಗಿಸುವಷ್ಟರಲ್ಲಿ ದೊಡ್ಡ ಸೊಸೆಯ ಸೊಂಟ ಬಿದ್ದುಹೋಗುತ್ತಿತ್ತು. ಇಲ್ಲಿ ಮುಗಿಸಿ ಊರೊಳಗೆ ಓಡಬೇಕು. ಅಲ್ಲಿ ಉಳ್ಳವರ ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕರನ್ನು ತೊಳೆಯುವುದೇ ಅವಳ ಕೂಲಿ. ಗಂಡನೂ ಮೈದುನನೂ ಕ್ವಾರಿಯಲ್ಲಿ ಕಲ್ಲು ಒಡೆಯುವವರು. ಕ್ವಾರಿಯ ಸಾಲುಮನೆಗಳಲ್ಲಿ ಎಲ್ಲರ ಪಾಡೂ ಅದೇ. ಗಟ್ಟಿ ಇದ್ದವರು ಕೆಲಸಕ್ಕೆ, ಮುದುಕರು ಹೊರಗಿನಿಂದ ಚಿಲಕ ಹಾಕಿದ ಕೋಣೆಯೊಳಗೆ.

ಇಷ್ಟೆಲ್ಲ ಮಾಡಿಸಿಕೊಂಡ ಅತ್ತೆ ಕಣ್ಣು ಬಿಟ್ಟರೆ ಕೇಳುವುದು ಒಂದೇ.

"ಚಿಕ್ಕೋಳು ಬಂದ್ಲಾ? ಅವಳ ಕೈ ಎಷ್ಟು ಮೆತ್ತಗೆ! ನಿಂದು ಬರೀ ಉಜ್ಜುಗಲ್ಲು."

ದೊಡ್ಡವಳು ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆಯುತ್ತಿದ್ದಳು. ಚಿಕ್ಕವಳೆಂದರೆ ಮೈದುನನ ಹೆಂಡತಿ. ಊರ ಸಮಿತಿಯ ಕಚೇರಿಯಲ್ಲಿ ಕಸ ಗುಡಿಸಿ ಚಹಾ ಕೊಡುವ ಕೆಲಸ. ಗುಡಿಸುವುದು ಕಸವೇ ಆದರೂ ಫ್ಯಾನಿನ ಕೆಳಗೆ! ಮೈಮೇಲೆ ಇಸ್ತ್ರಿ ಬಟ್ಟೆ ಬೇರೆ. ಸಂಜೆ ಬಂದು ಅತ್ತೆಯ ಹಣೆ ಸವರಿ ಎರಡು ಸವಿಮಾತು ಆಡಿಬಿಟ್ಟರೆ ಮುಗಿಯಿತು, ಅವಳೇ ಮನೆಮಗಳು. ಹೇಲು ಬಾಚಿದವಳು ಯಾರಿಗೆ ನೆನಪು?

ಹೀಗಿರುವಾಗ ಊರಿಗೆ ಸರ್ಕಾರದ ಆರೈಕೆ ಮನೆ ಮಂಜೂರಾಯಿತು. ವಯಸ್ಸಾದವರಿಗೆ, ಕೈಕಾಲು ಬಿದ್ದವರಿಗೆ ಹಾಸಿಗೆ, ಊಟ, ಔಷಧಿ. ಬಸ್ಸು ನಿಲ್ಲುವಲ್ಲಿ ಸರ್ಕಾರಿ ಬಯಲಿತ್ತು. ಅಲ್ಲೇ ಕಟ್ಟಲಿ ಎಂದರು ಸಾಲುಮನೆಯವರು. ಕ್ವಾರಿ ಧಣಿ, ಅವನೇ ಊರ ಸಮಿತಿಗೂ ಅಧ್ಯಕ್ಷ, ಬೇರೆ ರಾಗ ತೆಗೆದ. ಕ್ವಾರಿಯ ಹಿಂದಿನ ತನ್ನ ಬಂಡೆನೆಲವನ್ನು ದಾನ ಕೊಡುತ್ತೇನೆ ಎಂದ.

"ದಾನ ಅಂತೆ, ದಾನ!" ದೊಡ್ಡವಳ ಗಂಡ ಉಗಿದ. "ಆರೈಕೆ ಮನೆ ಹೆಸರಲ್ಲಿ ಅವನ ಕ್ವಾರಿಗೆ ಸರ್ಕಾರಿ ರೋಡು, ಕರೆಂಟು. ನಮ್ಮ ಮುದುಕ್ರು ಸಿಡಿಮದ್ದಿನ ಸದ್ದಿಗೇ ಎದೆ ಒಡ್ಕೊಂಡು ಸಾಯ್ತಾರೆ."

ಜಾಗ ತೀರ್ಮಾನಿಸಲು ಸರ್ಕಾರಿ ಆಫೀಸರು ಸಭೆ ಕರೆದರು. ಅದರ ಹಿಂದಿನ ದಿನ ದೊಡ್ಡವಳು ಧಣಿಯ ಮನೆಯಲ್ಲೇ ಇದ್ದಳು. ಅವನ ಅಪ್ಪನ ಮೈ ಒರೆಸಿ, ಬಕೆಟ್ಟು ಹಿಡಿದು ಹೊರಬಂದರೆ ಮುಂದಿನ ಕೋಣೆಯಲ್ಲಿ ಕಂಡದ್ದೇನು? ಚಿಕ್ಕವಳು ಕುರ್ಚಿಯ ಮೇಲೆ ಕೂತಿದ್ದಾಳೆ. ಧಣಿಯ ಎದುರಿಗೆ! ಇಷ್ಟು ವರ್ಷ ಈ ಮನೆಗೆ ದುಡಿದರೂ ದೊಡ್ಡವಳಿಗೆ ಒಂದು ಮಣೆ ಕೊಟ್ಟವರಿಲ್ಲ.

ಚಿಕ್ಕವಳು ಹೋದಮೇಲೆ ಧಣಿ ಹಿತ್ತಿಲಿಗೇ ಬಂದ.

"ಆರೈಕೆ ಮನೆಗೊಬ್ಬ ಮೇಲ್ವಿಚಾರಕಿ ಬೇಕಮ್ಮ. ನಿನ್ನ ವಾರಗಿತ್ತಿ ದುಂಬಾಲು ಬಿದ್ದಿದ್ದಾಳೆ. ನನಗೇನೋ ನಿನ್ನ ಮೇಲೇ ಮನಸ್ಸು."

"ನಾನೇನು ಮಾಡ್ಬೇಕು ಧಣಿ?"

"ನಾಳೆ ಆಫೀಸರ ಮುಂದೆ ಎದ್ದು ನಿಂತು ಹೇಳು. 'ಧಣಿಗಳ ಜಾಗವೇ ನಮಗೆ ಬೇಕು, ಅಲ್ಲಿ ಗಾಳಿ ಚೆಂದ, ಶಾಂತಿ ಇದೆ.' ಅಷ್ಟೇ."

ಅದು ಎಂಥ ಶಾಂತಿಯೆಂದು ಅವಳಿಗೆ ಗೊತ್ತಿರಲಿಲ್ಲವೇ? ಸಿಡಿದ ಕಲ್ಲು ತಗುಲಿ ಗಂಡನ ಹುಬ್ಬು ಹರಿದದ್ದು ಅಲ್ಲೇ. ಆದರೆ ಕಣ್ಣ ಮುಂದೆ ಆ ಕುರ್ಚಿ ಬಂತು. ನಾಳೆ ಚಿಕ್ಕವಳು ಅದರಲ್ಲಿ ಕೂತು, "ಅಕ್ಕಾ, ಆ ಮೂಲೆ ಸರಿಯಾಗಿ ಒರೆಸು" ಅಂದರೆ? ಅವಳು ಹೂಂ ಅಂದುಬಿಟ್ಟಳು. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಪಾಠ ಮಾಡಿಕೊಂಡಳು. ಗಂಡನ ಮುಂದೆ ತುಟಿ ಬಿಚ್ಚಲಿಲ್ಲ.

ಸಭೆಯಲ್ಲಿ ಆಫೀಸರು, "ಸಾಲುಮನೆಯವರು ಏನಂತೀರಿ?" ಎಂದದ್ದೇ ತಡ, ದೊಡ್ಡವಳು ಎದ್ದಳು.

"ಧಣಿಗಳ ಜಾಗವೇ ನಮಗೆ ಬೇಕು..."

ಅದೇ ಮಾತು ಆಚೆ ಬದಿಯಿಂದಲೂ ಕೇಳಿತು. ಚಿಕ್ಕವಳೂ ಎದ್ದು ನಿಂತಿದ್ದಳು. ಶುರುವಾದ ಮಾತು ನಿಲ್ಲಲಿಲ್ಲ. ಶಾಲೆಯ ಮಕ್ಕಳು ಪದ್ಯ ಒಪ್ಪಿಸುವಂತೆ ಇಬ್ಬರೂ ಒಟ್ಟಿಗೇ, "ಅಲ್ಲಿ ಗಾಳಿ ಚೆಂದ, ಶಾಂತಿ ಇದೆ" ಎಂದು ಮುಗಿಸಿದರು.

ಸಭೆ ಗೊಳ್ಳೆಂದಿತು. ದೊಡ್ಡವಳ ಗಂಡ ಮಾತ್ರ ನಗಲಿಲ್ಲ. ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ.

"ನಿಂಗೂ ಆ ಕೆಲಸಾನೇ ಅಂದ್ರಾ ಅಕ್ಕಾ?" ಚಿಕ್ಕವಳು ಇತ್ತ ತಿರುಗಿ ಕೇಳಿದಳು.

"ನಿಂಗ್ಯಾಕೇ ಬೇಕಿತ್ತು? ಫ್ಯಾನಿನ ಕೆಳಗೆ ಆರಾಮಾಗಿದ್ದೋಳು!"

"ಆರಾಮಾ? ಹೋಗೋರು ಬರೋರೆಲ್ಲ ಏ ಚಹಾ ಅಂತಾರೆ, ನಂಗೊಂದು ಹೆಸರೇ ಇಲ್ಲ. ನೀನಾದ್ರೆ ದೊಡ್ಡ ಸೊಸೆ, ಮನೆ ಹೊತ್ತೋಳು. ಕೇರಿಯೆಲ್ಲ ನಿನ್ನನ್ನೇ ಹೊಗಳುತ್ತೆ. ಒಂದು ಸಲನಾದ್ರೂ ನಿನಗಿಂತ ಮೇಲೆ ಕೂರ್ಬೇಕು ಅನ್ನಿಸ್ತು."

ತನ್ನ ಮೇಲೂ ಒಬ್ಬರು ಹೊಟ್ಟೆ ಉರಿದುಕೊಳ್ಳಬಹುದೆಂದು ದೊಡ್ಡವಳು ಕನಸಿನಲ್ಲೂ ಎಣಿಸಿರಲಿಲ್ಲ.

"ನೋಡಿದ್ರಾ ಸಾರ್, ಸಾಲುಮನೆಯ ಹೆಂಗಸರೇ ಒಪ್ಪಿದ್ರು. ಬರ್ಕೊಳ್ಳಿ," ಎಂದ ಧಣಿ.

"ಬರೀಬೇಡಿ!" ದೊಡ್ಡವಳು ಕಿರುಚಿದಳು. "ಅದು ನನ್ನ ಮಾತಲ್ಲ, ಇವಳದ್ದೂ ಅಲ್ಲ. ಇಬ್ಬರ ಬಾಯಿಗೂ ತುರುಕಿದ್ದು ಇವರೇ. ನಾನು ಹೊಟ್ಟೆಕಿಚ್ಚಿಗೆ ನುಂಗಿದೆ ಸಾರ್. ಅಲ್ಲಿ ಶಾಂತಿ ಇಲ್ಲ, ಸಿಡಿಮದ್ದು ಇದೆ."

"ನನ್ನನ್ನೂ ಕೂರಿಸಿ ಇದನ್ನೇ ಹೇಳಿಕೊಟ್ರು," ಎಂದಳು ಚಿಕ್ಕವಳು.

ಸಾಲುಮನೆಯವರು ಒಬ್ಬೊಬ್ಬರಾಗಿ ಎದ್ದರು. ಧಣಿಯ ಮುಖ ಕಪ್ಪಿಟ್ಟಿತು. "ಹಂಗಾದ್ರೆ ಆರೈಕೆ ಮನೆ ಬೇರೆ ಊರಿಗೆ ಹೋಗುತ್ತೆ. ನಾಳೆಯಿಂದ ನೀನು ನಮ್ಮನೆಗೆ ಬರಬೇಡ. ನೀನೂ ಅಷ್ಟೇ, ಕಚೇರಿ ಮೆಟ್ಟಿಲು ಹತ್ತಬೇಡ." ಆಫೀಸರು ಫೈಲು ಮಡಚಿ ಧಣಿಯ ಕಾರನ್ನೇ ಹತ್ತಿ ಹೋದರು.

ಕಾರು ಎಬ್ಬಿಸಿದ ಧೂಳು ಅಡಗಿತು. ಆಮೇಲೆ ದೊಡ್ಡವಳು ಸರಸರನೆ ಮನೆಗೆ ನಡೆದಳು. ಚಿಕ್ಕವಳು ಹಿಂದೆಯೇ ಬಂದಳು. ದೊಡ್ಡವಳು ಚಿಲಕ ತೆಗೆದು, ಅತ್ತೆಯ ಮಂಚದ ತಲೆಕಡೆ ಕೈ ಹಾಕಿದಳು.

"ಎಲ್ಲಿಗಕ್ಕಾ?"

"ಬಸ್ಸು ನಿಲ್ಲೋ ಬಯಲಿಗೆ. ಮುದುಕ್ರನ್ನೆಲ್ಲ ಅಲ್ಲೇ ಮಲಗಿಸೋಣ. ಗೋಡೆ ಬೇಕಾದ್ರೆ ಸರ್ಕಾರದೋರೇ ಬಂದು ಕಟ್ಟಲಿ."

"ತಲೆಕಡೆ ನಾನು ಹಿಡೀತೀನಿ."

"ಯಾಕೆ? ಅತ್ತೆ ಕಣ್ಣು ಬಿಟ್ರೆ ನಿನ್ನ ಮುಖಾನೇ ಕಾಣ್ಲಿ ಅಂತಾನಾ? ಕಾಲುಕಡೆ ಹೋಗೇ."

"ಜಗಳ ಆಮೇಲಾಡ್ರೇ," ಎಂದಳು ಅತ್ತೆ. "ಮೊದಲು ನನ್ನನ್ನ ಹೊರಗೆ ಹೊತ್ಕೊಂಡು ಹೋಗಿ."

ಮಂಚ ಬೀದಿಗಿಳಿಯಿತು. ಸಾಲಿನ ಉದ್ದಕ್ಕೂ ಒಂದೊಂದೇ ಚಿಲಕ ತೆಗೆಯುವ ಸದ್ದು ಕೇಳತೊಡಗಿತು.