ಪೋಪ್ ಗ್ರೆಗರಿಯ ಎರಡನೆಯ ಮಾತು

ಶಿವಕ್ಕ ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದದ್ದೇ ತಡ, ಸೌಂದರ್ಯಾ ಗಂಡ ರುದ್ರೇಶನ ಶವಪೆಟ್ಟಿಗೆಗೆ ಅಡ್ಡಲಾಗಿ ನಿಂತಳು. ಮುಚ್ಚಳ ಇನ್ನೂ ಹಾಕಿರಲಿಲ್ಲ.

"ಬ್ಯಾಡ್ರಿ ಅಕ್ಕಾ. ಇದು ಚರ್ಚು."

"ನನಗೂ ಕಣ್ಣದಾವ. ನನ್ನ ತಮ್ಮನ್ನ ಬರೇ ಹಣಿಲೆ ಮಣ್ಣಿಗಿಡ್ತಿಯೇನು?"

ಫೆಲ್ಥಮ್‌ನ ಆ ಸಣ್ಣ ಚರ್ಚಿನಲ್ಲಿ ಕುಳಿತಿದ್ದವರು ತಲೆ ತಗ್ಗಿಸಿದರು. ಹೆಚ್ಚಿನವರು ರುದ್ರೇಶನ ಜೊತೆ ಪಕ್ಕದ ಏರ್‌ಪೋರ್ಟಿನಲ್ಲಿ ಲಗೇಜು ಎತ್ತಿದವರು. ಮದುವೆಗಾಗಿ ಅವನು ದೀಕ್ಷಾಸ್ನಾನ ಪಡೆದು ಕೊರಳ ಲಿಂಗ ತೆಗೆದಿಟ್ಟಂದಿನಿಂದ ಶಿವಕ್ಕ ತಮ್ಮನ ಮನೆಯ ನೀರು ಮುಟ್ಟಿರಲಿಲ್ಲ. ಇವತ್ತು ವೆಂಬ್ಲಿಯ ತನ್ನ ಮನೆಯಿಂದ ಒಬ್ಬಳೇ ಬಂದಿದ್ದಳು.

ಮಗಳು ಅನ್ವಿತಾ ತಾಯಿಯ ತೋಳು ಹಿಡಿದಳು. "ಮಮ್, ಪ್ಲೀಸ್. ಲೆಟ್ ಹರ್."

"ನಿಮ್ಮಪ್ಪ ವಿಭೂತಿ ತಾವಾಗೇ ಬಿಟ್ಟಿದ್ರು," ಎಂದಳು ಸೌಂದರ್ಯಾ. ಹೇಳಿ, ಮಗಳ ಮುಖ ನೋಡಲಾರದೆ ಗಂಡನ ಹಣೆಯ ಕಡೆ ತಿರುಗಿದಳು.

*

ರುದ್ರೇಶ ಭಾನುವಾರ ಚರ್ಚಿನ ಮಕ್ಕಳಿಗೆ ಕಥೆ ಹೇಳುತ್ತಿದ್ದ. ಅವನ ಅಚ್ಚುಮೆಚ್ಚಿನವನು ಪೋಪ್ ಗ್ರೆಗರಿ: ಸಾವಿರದ ನಾನೂರು ವರ್ಷಗಳ ಹಿಂದೆ ರೋಮಿನಲ್ಲಿ ಅಪ್ಪನ ಮನೆಯನ್ನೇ ಮಠ ಮಾಡಿ ಸನ್ಯಾಸಿಯಾದವನು, ಮುಂದೆ ಈ ಇಂಗ್ಲಿಷರ ದೇಶಕ್ಕೆ ಪಾದ್ರಿಗಳನ್ನು ಕಳಿಸಿದವನು.

"ಮೊದಲ ಇಲ್ಲಿ ರಾಜಗ ಹಳೇ ದೇವರ ಗುಡಿ ಕೆಡವು ಅಂತ ಬರದಿದ್ದ," ಎಂದು ಒಮ್ಮೆ ಮನೆಗೆ ನಡೆಯುವಾಗ ಸೌಂದರ್ಯಾಳಿಗೆ ಹೇಳಿದ್ದ. "ಆಮ್ಯಾಲ ಭಾಳ ವಿಚಾರ ಮಾಡಿ ಪಾದ್ರಿಗಳಿಗೆ ಹೇಳಿಕಳಿಸಿದ: ಮೂರ್ತಿ ತಗೀರಿ, ಗುಡಿ ಕೆಡವಬ್ಯಾಡ್ರಿ. ಜನಾ ರೂಢಿ ಇದ್ದ ಜಾಗಾಕ್ಕ ಬರ್ಲಿ, ಹಬ್ಬದ ಊಟಾ ಮಾಡ್ಲಿ."

"ಪೋಪನೂ ಮನಸು ಬದಲಸ್ತಾನೇನು?"

"ಅದಕ್ಕ ಅಂವಾ ದೊಡ್ಡಾಂವ."

ಅವಳು ನಕ್ಕಳು. ಆ ನಗುವಿನ ಧೈರ್ಯಕ್ಕೋ ಏನೋ, ಅವನು ಮೆಲ್ಲಗೆ ಕೇಳಿದ: "ಶಿವರಾತ್ರಿಗೆ ಅಕ್ಕನ ಮನಿಗೆ ಹೋಗಿ, ಒಂದೀಟು ವಿಭೂತಿ ಹಚ್ಕೊಂಡು ಬರ್ಲೇನು?"

ಸೌಂದರ್ಯಾ ಹೆಜ್ಜೆ ಜೋರು ಮಾಡಿ ಮುಂದೆ ನಡೆದಿದ್ದಳು. ಅವನು ಮತ್ತೆ ಎಂದೂ ಕೇಳಲಿಲ್ಲ.

*

ಪಾದ್ರಿ ಹತ್ತಿರ ಬಂದು, ಏನಾದರೂ ತೊಂದರೆಯೇ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಇಲ್ಲ ಫಾದರ್. ಇವರು ನನ್ನ ಗಂಡನ ಅಕ್ಕ," ಎಂದಳು ಸೌಂದರ್ಯಾ. "ಸ್ವಲ್ಪ ಹೊತ್ತು ಕೊಡಿ."

ಅವಳು ಪಕ್ಕಕ್ಕೆ ಸರಿದಳು. ಶಿವಕ್ಕ ವಿಭೂತಿ ಗಟ್ಟಿಗೆ ಮೂರು ಬೆರಳುಜ್ಜಿ ತಮ್ಮನ ಹಣೆಗೆ ಅಡ್ಡಗೆರೆಗಳನ್ನು ಎಳೆದಳು. ಒಂದು ಸೊಟ್ಟಗಾಯಿತು. ಸೌಂದರ್ಯಾ ತನ್ನ ಸೆರಗಿನ ತುದಿಯಿಂದ ಅದರ ಅಂಚನ್ನು ಒರೆಸಿ ನೆಟ್ಟಗೆ ಮಾಡಿದಳು.

ಹೂಳುವಾಗ ನೆತ್ತಿಯ ಮೇಲೆಯೇ ವಿಮಾನವೊಂದು ಇಳಿಯುತ್ತ ಹಾದುಹೋಯಿತು. ಪಾದ್ರಿ ಪ್ರಾರ್ಥನೆ ನಿಲ್ಲಿಸಿ, ಸದ್ದು ಅಡಗುವವರೆಗೆ ಕಾದರು. ಶಿವಕ್ಕ ಬಗ್ಗಿ ಹಸಿ ಮಣ್ಣನ್ನು ಹಿಡಿ ತುಂಬ ಎತ್ತಿದಳು. ಕುಣಿಯ ಕಡೆಗೆ ಚಾಚಿದ ಕೈಯನ್ನು ಹಿಂದಕ್ಕೆಳೆದು, ಸೌಂದರ್ಯಾಳ ಅಂಗೈ ಬಿಡಿಸಿ, ಅದರಲ್ಲಿ ಅರ್ಧ ಸುರಿದಳು.