ಕೋಳಿಗೆ ಕೊಟ್ಟ ಕತ್ತಲೆ

ಬೇಗೂರಿನ ಹೊರಗೆ ಮರಿಮಲ್ಲಪ್ಪನ ಕೋಳಿ ಫಾರಂ. ಒಂದು ದಿನ ನಾಲ್ಕು ಮೊಟ್ಟೆ ಕಡಿಮೆ ಬಂದವೆಂದು ಅವನು ಕಸ ಗುಡಿಸುವ ಶಿವರಂಜಿನಿಯನ್ನು ಲಾರಿಗೆ ಸರಕು ತುಂಬುವ ಲೋಡಿನವರೆದುರು ನಿಲ್ಲಿಸಿದ.

"ಎಲ್ಲಿ, ದುಪಟ್ಟಾ ಕೊಡವು ನೋಡನ."

ಕೊಡವಿದಳು. ಏನೂ ಬೀಳಲಿಲ್ಲ.

"ತಮಾಸೆಗಂದೆ ಕಣಮ್ಮಿ, ಅಳ್ಬ್ಯಾಡ" ಎಂದು ನಕ್ಕ. ಲೋಡಿನವರೂ ನಕ್ಕರು. ಅವಳು ಅತ್ತಿರಲಿಲ್ಲ.

ಮಾರನೆಯ ವಾರ ಕೋಳಿ ಡಾಕ್ಟರು ಬಂದು ಶೆಡ್ಡಿನ ದೀಪಗಳಿಗೆ ಟೈಮರ್ ಹಾಕಿಸಿದರು. "ಕತ್ತಲಾದ್ರೆ ಕೋಳಿ ತಲೆಯೊಳಗೆ ಒಂದು ಹಾರ್ಮೋನು ಊರಿ ನಿದ್ದೆ ಬರುತ್ತೆ. ಬೆಳಕಿದ್ರೆ ಅದು ಊರಲ್ಲ. ಹಗಲು ಉದ್ದ ಇದ್ದಷ್ಟೂ ಮೊಟ್ಟೆ ಇಡಿಸೋ ಹಾರ್ಮೋನು ಏಳುತ್ತೆ. ದಿನಕ್ಕೆ ಹದಿನಾರು ಗಂಟೆ ಬೆಳಕು ಬೇಕೇ ಬೇಕು. ಈ ಹುಡುಗಿಗೂ ಟೈಮರ್ ತೋರಿಸ್ಲಾ?"

"ಎಂಟ್ನೇ ಕ್ಲಾಸಿಗೇ ಸ್ಕೂಲ್ ಬುಟ್ಟೋಳು ಸಾರ್. ಅವ್ಳಿಗೇನ್ ತಿಳ್ದದು, ಬುಡಿ" ಎಂದ ಮರಿಮಲ್ಲಪ್ಪ.

ಟೈಮರಿನ ಸುತ್ತ ಪುಟ್ಟ ಕಡ್ಡಿಗಳಿದ್ದವು. ಒತ್ತಿದರೆ ಬೆಳಕು, ಎತ್ತಿದರೆ ಕತ್ತಲೆ. ಗುಡಿಸುತ್ತಲೇ ಅವಳು ಅಷ್ಟನ್ನು ನೋಡಿಕೊಂಡಳು.

ಮರಿಮಲ್ಲಪ್ಪ ಸಂಜೆ ಗುಂಡ್ಲುಪೇಟೆಯ ಮನೆಗೆ ಹೊರಟ ಮೇಲೆ ಕಡ್ಡಿಗಳನ್ನು ಎತ್ತಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಅವನಿಗಿಂತ ಮೊದಲೇ ಬಂದು ಒತ್ತಿಡುತ್ತಿದ್ದಳು. ಕಾವಲಿನ ಲಿಂಗಯ್ಯನಿಗೂ ಕತ್ತಲೆಯಲ್ಲಿ ಸೊಗಸಾದ ನಿದ್ದೆ. ಧಣಿ ಫೋನ್ ಮಾಡಿ ಕೇಳಿದರೆ ಮಲಗಿದ್ದಲ್ಲಿಂದಲೇ "ಲೈಟ್ ಉರೀತಾವೆ ಬುದ್ದಿ" ಎನ್ನುತ್ತಿದ್ದ.

ಮೂರು ವಾರದಲ್ಲಿ ಮೊಟ್ಟೆ ಅರ್ಧಕ್ಕಿಳಿಯಿತು. ಕೋಳಿಗಳು ಗರಿ ಉದುರಿಸತೊಡಗಿದವು. ಮರಿಮಲ್ಲಪ್ಪ ಮೇವು ಬದಲಿಸಿದ, ನೀರು ಬದಲಿಸಿದ, ದೃಷ್ಟಿಯಾಗಿದೆಯೆಂದು ಕುಂಬಳಕಾಯಿ ಒಡೆದ. ಡಾಕ್ಟರು ಹಗಲಲ್ಲಿ ಬಂದು ಟೈಮರ್ ನೋಡಿದರು. ಕಡ್ಡಿಗಳು ಸರಿಯಾಗಿಯೇ ಇದ್ದವು.

"ನಂಗೆ ನಿದ್ದೇನೇ ಬತ್ತಿಲ್ಲ ಸಾರ್" ಎಂದ ಮರಿಮಲ್ಲಪ್ಪ. ಅವನ ಕಣ್ಣಡಿಯ ಕಪ್ಪನ್ನು ಶಿವರಂಜಿನಿ ಪೊರಕೆ ಹಿಡಿದು ನೋಡುತ್ತಿದ್ದಳು. ಆ ಮಾತು ಬೆಲ್ಲದ ಹಾಗೆ ಬಾಯೊಳಗೆ ಕರಗಿತು.

ಕೊನೆಗೆ ಕೋಳಿಗಳನ್ನೆಲ್ಲ ಮಾಂಸಕ್ಕೆ ಮಾರಿದ. ರಾತ್ರಿ ಬಂಡೀಪುರ ಕಾಡಿನ ಗೇಟು ಬೀಳುವ ಮುಂಚೆ ಕೇರಳಕ್ಕೆ ದಾಟಬೇಕೆಂದು ಲಾರಿ ಮಧ್ಯಾಹ್ನವೇ ಬಂತು. ಅದೇ ಲೋಡಿನವರು. ಕ್ರೇಟಿನೊಳಗಿಂದ ಒಂದು ಕೋಳಿ ಅವಳತ್ತ ಕತ್ತು ಚಾಚಿತು. ಇದು ಅವುಗಳ ಪ್ರಾಣಕ್ಕೂ ಕುತ್ತಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಮುಖ ತಿರುಗಿಸಿದಳು.

"ಇಲ್ಲೇ ಇರ್ತಿದ್ದೆಯಲ್ಲಮ್ಮಿ" ಎಂದ ಮರಿಮಲ್ಲಪ್ಪ, ಬರಿದಾದ ಶೆಡ್ಡಿನ ಬಾಗಿಲಲ್ಲಿ ನಿಂತು. "ನೀನೇನಾರ ಕಂಡ್ಯಾ?"

"ನಂಗೇನ್ ತಿಳ್ದದು ಬುದ್ದಿ."

ಪೊರಕೆಯನ್ನು ಗೋಡೆಗೆ ಒರಗಿಸಿದಳು. ದುಪಟ್ಟಾ ತೆಗೆದು, ಲೋಡಿನವರೆಲ್ಲ ನೋಡುವಂತೆ, ಅವನೆದುರು ಎರಡು ಸಲ ಕೊಡವಿದಳು. ಏನೂ ಬೀಳಲಿಲ್ಲ. ಮತ್ತೆ ಹೊದ್ದುಕೊಂಡು ಬಸ್ಸಿನ ದಾರಿ ಹಿಡಿದಳು.