ಪ್ಲಗ್ಗಿನ ಗೂಡು

"ಇದರ ಪ್ಲಗ್ ಎಲ್ಲಿ ಹಾಳಾಗಿ ಹೋಯ್ತು?"

ಹೊಸ ವಾಷಿಂಗ್ ಮೆಷಿನ್ನಿನ ಹಿಂದಿನಿಂದ ಅಪ್ಪ ಕೂಗಿದ. ಗಾಜಿನ ಗೋಡೆಯ ಈಚೆ ನಿಂತಿದ್ದ ಮಗಳು ಉತ್ತರ ಕೊಡುವಂತಿರಲಿಲ್ಲ. ಪರೀಕ್ಷೆಗೆ ಬಂದವರ ಮುಂದೆ ಯಾರೂ ತುಟಿ ಪಿಟಕ್ಕೆನ್ನಬಾರದು ಎಂಬುದು ಕಾರ್ಖಾನೆಯ ನಿಯಮ. ತಾನು ಪರೀಕ್ಷೆ ಮಾಡುತ್ತಿರುವುದು ಮಗಳ ಕೆಲಸವನ್ನು ಎಂಬುದು ಅವನಿಗೆ ಗೊತ್ತೂ ಇರಲಿಲ್ಲ. "ನಮ್ಮ ಕಂಪನಿ ಮೆಷಿನ್ ಒಂದನ್ನ ಜೋಡಿಸಿ ತೋರಿಸ್ಬೇಕು, ಬರ್ತೀಯಾ?" ಎಂದು ಕೇಳಿದ್ದಳು, ಅಷ್ಟೇ. ಬಸ್ ಓಡಿಸುವ ಕೆಲಸಕ್ಕೆ ಒಂದು ದಿನ ರಜಾ ಹಾಕಿ ಗತ್ತಿನಿಂದ ಬಂದಿದ್ದ.

"ಕೈಪಿಡಿ ಎಲ್ಲಿ? ತೆಗೆದು ನೋಡಲೇ ಇಲ್ಲವಲ್ಲ ನಿಮ್ಮ ತಂದೆ?" ಎಂದು ಪಿಸುಗುಟ್ಟಿದರು ಪಕ್ಕದಲ್ಲಿದ್ದ ಡಿಸೈನ್ ವಿಭಾಗದ ಮುಖ್ಯಸ್ಥೆ. ಕೂದಲೆಳೆಯ ತಪ್ಪನ್ನೂ ಬಿಡದ ಅವರಿಗೆ ಕಾರ್ಖಾನೆಯಲ್ಲಿ ಮಿಲಿಮೀಟರ್ ಮೇಡಂ ಎಂದೇ ಹೆಸರು.

"ಮೊಣಕಾಲ ಕೆಳಗೆ ಹಾಕ್ಕೊಂಡಿದ್ದಾರೆ ಮೇಡಂ. ನೆಲ ತಣ್ಣಗಿದೆಯಲ್ಲ."

ಆ ಕೈಪಿಡಿಯ ಒಂದೊಂದು ಚಿತ್ರವನ್ನೂ ಬರೆದವಳು ಅವಳೇ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಡಿಸೈನರ್ ಆಗುತ್ತೇನೆಂದು ಕುಣಿಯುತ್ತ ಬಂದವಳನ್ನು ಮೇಡಂ ಯಾರೂ ಓದದ ಪುಸ್ತಕಕ್ಕೆ ಚಿತ್ರ ಬರೆಯಲು ಕೂರಿಸಿದ್ದರು. ಅದಕ್ಕೆ ಕಾರಣವೂ ಇತ್ತು ಅನ್ನಿ. ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಕಾಳು ಜರಡಿ ಹಿಡಿಯುವ ಯಂತ್ರ ಮಾಡಿದ್ದಳು. ಪರೀಕ್ಷಕರ ಮುಂದೆ ಅದು ಗಡಗಡ ನಡುಗುತ್ತ, ಮೇಜಿನ ಮೇಲೆ ತಾನೇ ನಡೆದುಕೊಂಡು ಹೋಗಿ, ಧೊಪ್ಪೆಂದು ಕೆಳಗೆ ಬಿತ್ತು. ಗಡಿಬಿಡಿಯಲ್ಲಿ ಅದನ್ನು ಮೇಜಿಗೆ ಬಿಗಿಯಲು ಮರೆತಿದ್ದಳು. ಅಂದಿನಿಂದ ಅವಳ ಹೆಸರು ಗಡಗಡ. ಗೆಳತಿಯರು ಇಟ್ಟ ಹೆಸರು ಮನೆಗೂ ಬಂತು, ಸಂದರ್ಶನದಲ್ಲಿ ಬಾಯಿ ತಪ್ಪಿ ಅವಳೇ ಹೇಳಿಬಿಟ್ಟಿದ್ದರಿಂದ ಮೇಡಂ ಕಿವಿಗೂ ಬಿತ್ತು.

ಕೈಪಿಡಿಗೆಂದು ಚಿತ್ರ ಬರೆಯುತ್ತಿದ್ದಾಗಲೇ, ವಾಪಸು ಬಂದ ಮೆಷಿನ್ನುಗಳ ಕೋಣೆಗೆ ಹೋಗಿದ್ದಳು. ಎಲ್ಲಕ್ಕೂ ಒಂದೇ ದೂರು: ವಿಪರೀತ ನಡುಗುತ್ತದೆ. ಒಳಗಿನ ಸ್ಪ್ರಿಂಗುಗಳೆಲ್ಲ ಸರಿಯಿದ್ದವು. ಹಿಂದೆ ತಿರುಗಿಸಿ ನೋಡಿದರೆ, ಬಹುಪಾಲು ಮೆಷಿನ್ನುಗಳಲ್ಲಿ ನಾಲ್ಕು ಬೋಲ್ಟುಗಳು ಹಾಗೇ ಕೂತಿದ್ದವು. ಲಾರಿಯ ಕುಲುಕಾಟಕ್ಕೆ ಡ್ರಮ್ ಅಲ್ಲಾಡದಿರಲಿ ಎಂದು ಬಿಗಿಯುವ ಬೋಲ್ಟುಗಳು ಅವು. ಮನೆಗೆ ಬಂದ ಮೇಲೆ ತೆಗೆಯಬೇಕು. ತೆಗೆಯಿರಿ ಎಂದು ಕೈಪಿಡಿಯ ಮೊದಲ ಪುಟದಲ್ಲೇ ಇದೆ. ಕೆಂಪು ಚೀಟಿಯೂ ಅಂಟಿಸಿದೆ. ಯಾರು ಓದಬೇಕು?

ಅವತ್ತು ಮನೆಗೆ ಹೋದವಳೇ ಬಚ್ಚಲುಮನೆಗೆ ನುಗ್ಗಿದಳು. ಅವರ ಮನೆಯ ಮೆಷಿನ್ನನ್ನು ಅಪ್ಪ ಕೊಂಡಂದಿನಿಂದ ಕಿಟಕಿಯ ಸರಳಿಗೆ ಹಗ್ಗ ಹಾಕಿ ಕಟ್ಟಿದ್ದ. ಇಲ್ಲದಿದ್ದರೆ ಅದು ಬಾಗಿಲವರೆಗೂ ಬರುತ್ತಿತ್ತು. ಅದು ಓಡುವಾಗ ಅಪ್ಪ ಮೇಲೆ ಎರಡೂ ಕೈ ಊರಿ ನಿಲ್ಲಬೇಕು, ಅಜ್ಜಿ ಅಡುಗೆಮನೆಯಿಂದ ಮಗನನ್ನೂ ಮೆಷಿನ್ನನ್ನೂ ಒಟ್ಟಿಗೇ ಬೈಯಬೇಕು. ಬಗ್ಗಿ ನೋಡಿದಳು. ನಾಲ್ಕೂ ಬೋಲ್ಟು, ಬಿಗಿಯಾಗಿ! ನಗು ತಡೆಯಲಾಗದೆ ಅಲ್ಲೇ ಕುಕ್ಕರಿಸಿದಳು. ಆದರೆ ಬೋಲ್ಟ್ ಮುಟ್ಟಲಿಲ್ಲ, ಬಾಯೂ ಬಿಡಲಿಲ್ಲ.

ಮರೆಯುವವರಿಗೆ ಇನ್ನೊಂದು ಚೀಟಿ ಅಂಟಿಸಿ ಉಪಯೋಗವಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಲ್ಕೂ ಬೋಲ್ಟುಗಳನ್ನು ಸೇರಿಸುವ ಒಂದು ಪ್ಲಾಸ್ಟಿಕ್ ಪಟ್ಟಿ ಮಾಡಿದಳು. ಅದರ ನಡುವೆ ಒಂದು ಗೂಡು, ಗೂಡಿನೊಳಗೆ ಮೆಷಿನ್ನಿನ ಪ್ಲಗ್. ಪಕ್ಕದಲ್ಲೇ ಒಂದು ಸ್ಪ್ಯಾನರ್. ನಾಲ್ಕೂ ಬೋಲ್ಟು ಬಿಚ್ಚದೆ ಪಟ್ಟಿ ಬರುವುದಿಲ್ಲ, ಪಟ್ಟಿ ಬರದೆ ಪ್ಲಗ್ ಸಿಗುವುದಿಲ್ಲ.

"ಜನ ರೇಗ್ತಾರೆ," ಎಂದಿದ್ದರು ಮೇಡಂ.

"ಒಂದು ಸಲ ರೇಗ್ತಾರೆ ಮೇಡಂ. ಈಗ ದಿನಾ ರೇಗ್ತಿದ್ದಾರೆ."

"ಸರಿ, ಹೊರಗಿನವರ ಕೈಲಿ ಜೋಡಿಸಿಸಿ ನೋಡೋಣ. ಒಬ್ಬರು ಎಡವಿದರೂ ಈ ಮಾತು ಅಲ್ಲಿಗೇ ಮುಗೀತು. ಆಮೇಲೆ ನೀವು ಚಿತ್ರ ಬರ್ಕೊಂಡಿರಬೇಕು."

ಒಬ್ಬ ದರ್ಜಿ, ಒಬ್ಬಳು ನರ್ಸ್, ಹೊಸದಾಗಿ ಮದುವೆಯಾದ ಜೋಡಿ, ಎಲ್ಲರೂ ಗೊಣಗುತ್ತ ಗೆದ್ದಿದ್ದರು. ಉಳಿದವನು ಅಪ್ಪ.

"ಇಲ್ಲಿ ಕಟರ್ ಸಿಗುತ್ತೇನ್ರಪ್ಪಾ? ವೈರ್ ಕತ್ತರಿಸಿ ಬೇರೆ ಪ್ಲಗ್ ಹಾಕ್ಕೊಳ್ತೀನಿ!"

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಯಾರೂ ಉತ್ತರ ಕೊಡದಿದ್ದಾಗ ಅಪ್ಪ ಜೇಬಿನಿಂದ ತನ್ನದೇ ಚಾಕು ತೆಗೆದು ಬಿಡಿಸಿದ. ಬೇಡ ಅಪ್ಪ, ಬೇಡ, ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಅವನು ಎಡಗೈಯಲ್ಲಿ ವೈರ್ ಹಿಡಿದು, ಎಲ್ಲಿ ಕತ್ತರಿಸಲಿ ಎಂದು ಬೆರಳಾಡಿಸುತ್ತ ಹೋದ. ಬೆರಳು ಗೂಡಿಗೆ ತಗಲಿತು.

"ಎಲಾ ಕಳ್ಳಾ! ಇಲ್ಲಿ ಕೂತಿದ್ದೀಯಾ?"

ಚಾಕು ಮಡಚಿಟ್ಟ. ಪಕ್ಕದ ಸ್ಪ್ಯಾನರ್ ತೆಗೆದು ಒಂದು ಬೋಲ್ಟ್ ಬಿಚ್ಚಿ ಎಳೆದ, ಪಟ್ಟಿ ಬರಲಿಲ್ಲ. ಬೈದ. ಇನ್ನೊಂದು ಬಿಚ್ಚಿದ, ಮತ್ತೆ ಬೈದ. ಕೊನೆಯದು ಕಳಚಿದಾಗ ಪಟ್ಟಿ ಪ್ಲಗ್ಗಿನ ಸಮೇತ ಕೈಗೆ ಬಂತು. ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು, ಸ್ವಿಚ್ ಒತ್ತಿ, ಅಭ್ಯಾಸಬಲದಿಂದ ಮೆಷಿನ್ನಿನ ಮೇಲೆ ಎರಡೂ ಕೈ ಊರಿ ಕಾಲು ಅಗಲಿಸಿ ನಿಂತ. ಡ್ರಮ್ ವೇಗ ಹಿಡಿಯಿತು. ಅಪ್ಪ ಒಂದು ಕೈ ತೆಗೆದ. ಸ್ವಲ್ಪ ಹೊತ್ತು ನೋಡಿ ಇನ್ನೊಂದನ್ನೂ ತೆಗೆದ.

"ಓಡ್ತಾ ಇದೆಯೋ, ನಿಂತೇ ಹೋಯ್ತೋ?" ಎಂದ.

ಮಗಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಗೆದ್ದಿದ್ದಳು! ಮೇಡಂ ಹಾಳೆಯ ಮೇಲೆ ಸಹಿ ಹಾಕಿ, "ಸೋಮವಾರದಿಂದ ನಿಮ್ಮ ಮೇಜು ನನ್ನ ಕೋಣೆ ಪಕ್ಕ. ಕೈಪಿಡಿಗೆ ಬೇರೆ ಯಾರನ್ನಾದ್ರೂ ಹುಡುಕ್ತೀನಿ," ಎಂದು ಬಾಗಿಲು ತೆಗೆದರು.

"ಬನ್ನಿ ಬನ್ನಿ," ಎಂದ ಅಪ್ಪ. "ಪ್ಲಗ್ ಬಚ್ಚಿಟ್ಟ ತಲೆಹರಟೆ ಯಾವನು? ಅವನನ್ನ ಒಂದ್ಸಲ ನೋಡ್ಬೇಕಲ್ಲ."

"ಯಾವನು ಅಲ್ಲ, ಯಾವಳು," ಎಂದು ಮೇಡಂ ಪಕ್ಕಕ್ಕೆ ಸರಿದರು.

ಅಪ್ಪ ಹಿಂದಿದ್ದ ಮಗಳ ಕಡೆ ತಿರುಗಿದ. ಜೇಬಿಗೆ ಕೈ ಹಾಕಿ ಬೋಲ್ಟುಗಳನ್ನು ಅಂಗೈಯಲ್ಲಿ ಹರಡಿಕೊಂಡು ನೋಡಿದ. "ಗಡಗಡ... ನಮ್ಮನೆ ಮೆಷಿನ್ನಲ್ಲೂ ಇವು..."

"ಇವೆ ಅಪ್ಪ. ನಾಲ್ಕೂ."

"ನಿಂಗೆ ಮೊದಲೇ ಗೊತ್ತಿತ್ತಾ? ಅಜ್ಜಿ ಕೈಲಿ ನಾನು ದಿನಾ ಬೈಸ್ಕೊಳ್ತಿದ್ದೆನಲ್ಲೇ!"

"ಹೇಳಿದ್ರೆ ನೀನು ಜಾಣ ಆಗಿಬಿಡ್ತಿದ್ದೆ. ನಂಗೆ ನೀನು ಹೀಗೇ ಬೇಕಿತ್ತು."

ಅಪ್ಪನಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಅವನು ನಕ್ಕ ನಗುವಿಗೆ ಪಕ್ಕದ ವಿಭಾಗದವರು ಇಣುಕಿ ನೋಡಿದರು. ಹೊರಡುವಾಗ ಮೇಡಂ ಕಡೆ ತಿರುಗಿ, "ಈ ಸ್ಪ್ಯಾನರ್ ನಾನು ಇಟ್ಕೊಳ್ಲಾ?" ಎಂದು ಕೇಳಿದ.

ಆ ಸಂಜೆ ಅಪ್ಪ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಒಳಗೇ ಇದ್ದ. ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಅಜ್ಜಿಯ ಕೂಗಿಗೆ: "ಲೋ, ಮೆಷಿನ್ ಕೆಟ್ಟು ಕೂತಿದೆ ನೋಡೋ, ಸದ್ದೇ ಇಲ್ಲ!"

ಅವಳು ಎದ್ದು ಮಹಡಿಗೆ ಬಂದಳು. ಅಲ್ಲಿ ಈ ಕಂಬದಿಂದ ಆ ಕಂಬಕ್ಕೆ, ಮೆಷಿನ್ ಕಟ್ಟಿದ್ದ ಅದೇ ಹಳೆಯ ಹಗ್ಗ ಎಳೆದು ಕಟ್ಟಿತ್ತು, ಗಂಟು ಬಿಚ್ಚಿದ ಕಡೆ ಇನ್ನೂ ಸೊಟ್ಟಗಿತ್ತು. ಅಪ್ಪ ಒದ್ದೆ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ಅದರ ಮೇಲೆ ಹರವುತ್ತಿದ್ದ.